ಅಮೆರಿಕ ಸಿಟಿಜನ್‌ಶಿಪ್ ಟೆಸ್ಟ್‌ಗೆ ಯುಎಸ್‌ಸಿಐಎಸ್‌ನ ಫ್ರೀ ಮೆಟೀರಿಯಲ್ಲೇ ಸಾಕು

ಎನ್-400 ಅಂದ್ರೆ ಸಿಟಿಜನ್‌ಶಿಪ್ ಅರ್ಜಿ ಹಾಕಿರೋರು, ಹಾಕೋಕೆ ರೆಡಿ ಆಗ್ತಿರೋರು ಪೇಯ್ಡ್ ಆ್ಯಪ್ ತಗೊಳ್ಳೋ ಮುಂಚೆ ಇದನ್ನ ಒಂದ್ಸಲ ಓದ್ಕೊಳಿ. ಈ ಟೆಸ್ಟ್ ನಡೆಸೋ ಅಮೆರಿಕದ ಇಮಿಗ್ರೇಷನ್ ಇಲಾಖೆ ಯುಎಸ್‌ಸಿಐಎಸ್ ವೆಬ್‌ಸೈಟಲ್ಲಿ ಸಿವಿಕ್ಸ್ (ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ) ಪ್ರಶ್ನೆ-ಉತ್ತರದ ಪಿಡಿಎಫ್, ಫ್ಲ್ಯಾಶ್ ಕಾರ್ಡು, ಇಂಗ್ಲಿಷ್ ಓದೋ ಬರೆಯೋ ಟೆಸ್ಟಿಗೆ ಬರೋ ಪದಗಳ ಪಟ್ಟಿ ಎಲ್ಲಾ ಪುಕ್ಕಟೆ ಸಿಗತ್ತೆ, ನಾನು ಪೂರ್ತಿ ಓದಿದ್ದು ಅದ್ರಲ್ಲೇ, ಐದಕ್ಕೆ ಐದು ಸ್ಟಾರ್.

ಮೊದಲು ನಿಮ್ದು ಯಾವ ಟೆಸ್ಟು ಅಂತ ನೋಡ್ಕೊಳಿ. 2025 ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದ್ರೆ ಹೊಸ ಟೆಸ್ಟು, 128 ಪ್ರಶ್ನೆ ಓದ್ಬೇಕು, ಅದ್ರಲ್ಲಿ 20ರವರೆಗೂ ಕೇಳ್ತಾರೆ, 12 ಸರಿಯಾದ್ರೆ ಪಾಸು ಅಂತ ಅಲ್ಲಿಗೇ ನಿಲ್ಲಿಸ್ತಾರೆ, 9 ತಪ್ಪಾದ್ರೂ ನಿಲ್ಲಿಸ್ತಾರೆ. ಅದಕ್ಕಿಂತ ಮುಂಚೆ ಹಾಕಿದ್ರೆ ಹಳೇ 100 ಪ್ರಶ್ನೆ, 10ರಲ್ಲಿ 6 ಬಂದ್ರೆ ಸಾಕು. ನನ್ನ ಫ್ರೆಂಡ್ ಒಬ್ಳು ದುಡ್ಡು ಕೊಟ್ಟು ತಗೊಂಡ ಆ್ಯಪಲ್ಲಿ ಹಳೇ 100 ಮಾತ್ರ ಇತ್ತು, ಅವಳದ್ದೋ ಹೊಸ ಟೆಸ್ಟು, ಪಾಪ ಎಷ್ಟ್ ಬೇಜಾರ್ ಮಾಡ್ಕೊಂಡ್ಳು.

ಆ ಆ್ಯಪಿನ ಇನ್ನೊಂದು ತೊಂದ್ರೆ ಅಂದ್ರೆ ಎಲ್ಲಾ ಎ ಬಿ ಸಿ ಡಿ ಆಪ್ಷನ್ನು. ನಿಜವಾದ ಇಂಟರ್‌ವ್ಯೂನಲ್ಲಿ ಆಪ್ಷನ್ ಅನ್ನೋದೇ ಇಲ್ಲ, ಆಫೀಸರ್ ಬಾಯಲ್ಲಿ ಕೇಳ್ತಾರೆ ನೀವು ಬಾಯಲ್ಲಿ ಹೇಳ್ಬೇಕು. ಅದಕ್ಕೇ ಫ್ಲ್ಯಾಶ್ ಕಾರ್ಡ್ ಪ್ರಿಂಟ್ ತೆಗೆದು ಯಾರ ಕೈಲಾದ್ರೂ ಕೇಳಿಸ್ಕೊಳಿ. ನಾನು ಚಪಾತಿ ಲಟ್ಟಿಸ್ತಾ ಇದ್ರೆ ನಮ್ಮನೆಯವ್ರು ಕೌಂಟರ್ ಹತ್ರ ನಿಂತು ಒಂದೊಂದೇ ಕಾರ್ಡ್ ತೆಗೆದು ಕೇಳೋರು, ಹೌಸ್‌ನಲ್ಲಿ (ಅಲ್ಲಿನ ಸಂಸತ್ತಿನ ಕೆಳಮನೆ) ಓಟು ಹಾಕೋ ಸದಸ್ಯರು 435, ಸಂವಿಧಾನದ ತಿದ್ದುಪಡಿ 27 ಅಂತ ಪಟಪಟ ಬರೋದು, ಸಂವಿಧಾನದ ಪರವಾಗಿ ಬಂದ ಲೇಖನಗಳಾದ ಫೆಡರಲಿಸ್ಟ್ ಪೇಪರ್ಸ್ ಬರೆದವ್ರು ಯಾರು ಅಂದ್ರೆ ಮಾತ್ರ ಮ್ಯಾಡಿಸನ್, ಹ್ಯಾಮಿಲ್ಟನ್, ಜೇ ಅಂತ ನಾಲಿಗೆಗೆ ಕೂರೋಕೆ ಟೈಮ್ ಹಿಡೀತು. ಗವರ್ನರ್, ಸೆನೆಟರ್, ಸ್ಪೀಕರ್ ಹೆಸರು ಬದಲಾಗ್ತಾ ಇರತ್ತೆ, ಇಂಟರ್‌ವ್ಯೂ ಹತ್ರ ಬಂದಾಗ ಸೈಟಲ್ಲಿ ಇನ್ನೊಂದ್ಸಲ ನೋಡ್ಕೊಳಿ.

ಇಂಗ್ಲಿಷ್ ಮಾತಾಡೋಕೆ ಬರತ್ತಾ ಅಂತ ಅವ್ರು ನೋಡೋದು ನಿಮ್ಮ ಅರ್ಜಿ ಮೇಲಿನ ಪ್ರಶ್ನೆಗಳಲ್ಲೇ, ಹಾಗಾಗಿ ಎನ್-400 ಕಾಪಿನೂ ಚೆನ್ನಾಗಿ ಓದಿ.

ಮನೇಲಿ ಅಪ್ಪ ಅಮ್ಮ, ಅತ್ತೆ ಮಾವ ಇದ್ರೆ ಇದನ್ನ ಖಂಡಿತ ಹೇಳಿ: 50 ವರ್ಷ ದಾಟಿ ಗ್ರೀನ್ ಕಾರ್ಡ್ ಮೇಲೆ 20 ವರ್ಷ ಇದ್ರೆ, ಇಲ್ಲಾ 55 ದಾಟಿ 15 ವರ್ಷ ಇದ್ರೆ ಇಂಗ್ಲಿಷ್ ಟೆಸ್ಟ್ ಇಲ್ಲ, ಇಂಟರ್‌ಪ್ರಿಟರ್ ಇಟ್ಕೊಂಡು ಸಿವಿಕ್ಸ್ ಉತ್ತರ ಕನ್ನಡದಲ್ಲೇ ಹೇಳ್ಬಹುದು. 65 ಆಗಿ 20 ವರ್ಷ ಇದ್ರಂತೂ ಓದ್ಬೇಕಾಗಿರೋದು ಬರೀ 20 ಪ್ರಶ್ನೆ, ಪಿಡಿಎಫ್‌ನಲ್ಲಿ ಅವಕ್ಕೆ ನಕ್ಷತ್ರದ ಗುರುತು ಇರತ್ತೆ, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಡಿ.