ಕಲಬುರಗಿಯ ಓಣಿಗೆ ಯಾವ ಸ್ಟ್ರಾಲರ್: ಓಟದ ಮೂರು ಗಾಲಿಯದೋ, ದಿನಬಳಕೆಯ ನಾಲ್ಕು ಗಾಲಿಯದೋ?

ಅಂಗಡಿಯ ಟೈಲ್ಸ್ ಮೇಲೆ, ಕೂಸನ್ನು ಕೂರಿಸಿ ತಳ್ಳುವ ಎಲ್ಲ ಸ್ಟ್ರಾಲರ್‌ಗಳೂ ಒಂದೇ ಥರ ಉರುಳುತ್ತವೆ. ಫರಕು ಗೊತ್ತಾಗುವುದು ಮನೆಯ ಹೊಸ್ತಿಲು ದಾಟಿ, ಫರಸಿ ಹಾಸಿದ ಅಂಗಳ ಇಳಿದು, ಗಟಾರದ ಮೇಲೆ ಮುಚ್ಚಿದ ಕಲ್ಲು ಹತ್ತಿ, ತಗ್ಗು ಬಿದ್ದ ಓಣಿಗೆ ಬಂದಾಗ. ಕಲಬುರಗಿಯಲ್ಲಿ ಇವೆಲ್ಲವೂ ಇಪ್ಪತ್ತು ಹೆಜ್ಜೆಯೊಳಗೇ ಎದುರಾಗುತ್ತವೆ. ಹಾಗಾಗಿ ಎರಡು ಬಗೆಯ ಗಾಡಿಗಳನ್ನು ಒಂದೇ ದಾರಿಗಳಲ್ಲಿ, ಹತ್ತು ಕಿಲೋ ಭಾರ ಇಟ್ಟು ತಳ್ಳಿ ನೋಡಿದೆವು. ಒಂದು ಓಟದ ಸ್ಟ್ರಾಲರ್, ಅಂದರೆ ತಳ್ಳಿಕೊಂಡು ಓಡಲೆಂದೇ ಮಾಡಿದ್ದು: ಮೂರು ಗಾಲಿ, ಮುಂದಿನದು 12 ಇಂಚು, ಹಿಂದಿನವು 16 ಇಂಚು, ಹವಾ ತುಂಬುವ ಟೈರು, ಸ್ಪ್ರಿಂಗ್ ಸಸ್ಪೆನ್ಷನ್, ಹ್ಯಾಂಡಲಿನಲ್ಲಿ ಕೈಬ್ರೇಕು, ತೂಕ 12 ಕಿಲೋ. ಇನ್ನೊಂದು ದಿನಬಳಕೆಯದು: ನಾಲ್ಕು ಗಾಲಿ, ಮುಂದೆ 6 ಇಂಚು, ಹಿಂದೆ 7 ಇಂಚು, ಗಟ್ಟಿ ಫೋಮಿನ ಗಾಲಿಗಳು, ತೂಕ 7 ಕಿಲೋ.

ಒಂದೇ ಗಾಡಿ ಕೊಳ್ಳುವವರಿಗೆ ನಮ್ಮ ಮಾತು ಮೊದಲೇ ಹೇಳಿಬಿಡುತ್ತೇವೆ. ಮನೆಯಲ್ಲಿ ವಾರಕ್ಕೆ ಮೂರು ದಿನವಾದರೂ ನಿಜವಾಗಿ ಓಡುವವರು ಇಲ್ಲದಿದ್ದರೆ ಓಟದ ಸ್ಟ್ರಾಲರ್ ಬೇಡ. ಆದರೆ ದಿನಬಳಕೆಯದನ್ನು ಕೊಳ್ಳುವಾಗ ಬಣ್ಣ, ಕಪ್ ಹೋಲ್ಡರ್ ನೋಡುವುದನ್ನು ಬಿಟ್ಟು ಮುಂದಿನ ಗಾಲಿಯ ಅಳತೆ ನೋಡಿ. ಐದು ಇಂಚಿನ ಜೋಡಿ ಗಾಲಿಯ ಹಗುರ ಗಾಡಿ ಮಾಲ್‌ಗೆ ಸರಿ, ನಮ್ಮ ಓಣಿಗೆ ಸಾಲದು. ಏಳು ಇಂಚಿನ ಮುಂಗಾಲಿ ಸಿಕ್ಕರೆ ಸಾವಿರ ರೂಪಾಯಿ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ.

ಕಾರಣ ಬರೀ ಲೆಕ್ಕ. ಎರಡು ಸೆಂಟಿಮೀಟರ್ ಎತ್ತರದ ಕಲ್ಲಿನ ಅಂಚಿಗೆ ಗಾಲಿ ತಾಗಿ ನಿಂತಿದೆ ಎಂದುಕೊಳ್ಳಿ. ಅದನ್ನು ಹತ್ತಿಸಲು 6 ಇಂಚಿನ ಗಾಲಿಗೆ, ಅದರ ಮೇಲೆ ಬಿದ್ದಿರುವ ಭಾರದಷ್ಟೇ ಬಲವನ್ನು ಹೆಚ್ಚುಕಮ್ಮಿ ಅಡ್ಡಡ್ಡ ಕೊಡಬೇಕು. ಅದೇ ಅಂಚಿಗೆ 12 ಇಂಚಿನ ಗಾಲಿಗೆ ಅದರಲ್ಲಿ ನೂರಕ್ಕೆ ಅರವತ್ತು ಭಾಗ ಸಾಕು. ಟೈರಿನಲ್ಲಿ ಹವಾ ಇದ್ದರೆ ಅಂಚು ಟೈರಿನೊಳಗೆ ಸ್ವಲ್ಪ ಅಡಗುವುದರಿಂದ ಇನ್ನೂ ಕಡಿಮೆ. ಶಹಾಬಾದಿ ಫರಸಿಯ ಅಂಗಳದಲ್ಲಿ ಒಂದು ಕಲ್ಲು ಕುಸಿದು ಪಕ್ಕದ್ದು ಎದ್ದು ನಿಂತಿರುವುದು ಎಲ್ಲ ಕಡೆ ಇದ್ದದ್ದೇ. ಅಲ್ಲಿ ಚಿಕ್ಕ ಗಾಲಿ ಥಟ್ಟನೆ ನಿಲ್ಲುತ್ತದೆ, ಕೂಸಿನ ತಲೆ ಮುಂದಕ್ಕೆ ಜೋಲುತ್ತದೆ. ದೊಡ್ಡ ಗಾಲಿ ಗಡಕ್ ಎಂದು ಹತ್ತಿ ಮುಂದೆ ಹೋಗುತ್ತದೆ.

ಗಟಾರದ ಕಲ್ಲುಗಳ ಸಂದು ಇದಕ್ಕಿಂತ ಕೆಟ್ಟದ್ದು. ಎರಡು ಕಲ್ಲುಗಳ ನಡುವೆ ಮೂರು ಬೆರಳಿನ ಸಂದು ಇದ್ದರೂ ದಿನಬಳಕೆಯ ಗಾಡಿಯ ಮುಂಗಾಲಿ ತಿರುಗಿ ಅದರಲ್ಲಿ ಕೂತುಬಿಡುತ್ತದೆ. ತಳ್ಳುವವರು ಜೋರು ಮಾಡಿದರೆ ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ. ಇಂಥ ಕಡೆ ಹ್ಯಾಂಡಲನ್ನು ಕೆಳಗೆ ಒತ್ತಿ ಮುಂಗಾಲಿಗಳನ್ನು ಎತ್ತಿ, ಹಿಂಗಾಲಿಗಳ ಮೇಲಷ್ಟೇ ದಾಟಿಸಬೇಕು. ಸಂದು ಇನ್ನೂ ಅಗಲವಾಗಿದ್ದರೆ ಗಾಡಿಯನ್ನು ತಿರುಗಿಸಿ, ನೀವು ಮೊದಲು ದಾಟಿ, ಹಿಂಗಾಲಿ ಮುಂದಾಗಿ ಎಳೆದುಕೊಳ್ಳಿ. ಹ್ಯಾಂಡಲಿಗೆ ತರಕಾರಿ ಚೀಲ ನೇತುಹಾಕಿದ್ದರೆ ಮುಂಗಾಲಿ ಎತ್ತುವ ಈ ಕ್ಷಣದಲ್ಲೇ ಗಾಡಿ ಹಿಂದಕ್ಕೆ ಮಗುಚುತ್ತದೆ. ಸೂಪರ್ ಮಾರ್ಕೆಟ್ ಸಂತೆಯಿಂದ ಬರುವಾಗ ಎಲ್ಲರೂ ಮಾಡುವ ತಪ್ಪು ಇದು. ಚೀಲ ಕೆಳಗಿನ ಬುಟ್ಟಿಯಲ್ಲೇ ಇರಲಿ, ಅದೂ ಬುಟ್ಟಿಯ ಮೇಲೆ ಬರೆದಿರುವ ತೂಕದೊಳಗೆ.

ಇಷ್ಟು ಓದಿದರೆ ಓಟದ ಗಾಡಿಯೇ ವಾಸಿ ಅನ್ನಿಸಬಹುದು. ರಸ್ತೆಗೆ ಇಳಿದ ಮೇಲೆ ವಾಸಿಯೇ. ತೊಡಕು ಇರುವುದು ರಸ್ತೆಗೆ ಇಳಿಸುವುದರಲ್ಲಿ.

ನಮ್ಮ ಕಡೆ ಮನೆಗಳ ಕಟ್ಟೆ ಎತ್ತರ. ನಾಲ್ಕೈದು ಪಾವಟಿಗೆ, ನಡುವೆ ಬೈಕ್ ಹತ್ತಿಸಲು ಒಂದು ಕಿರಿದಾದ ಇಳಿಜಾರು. ಆ ಇಳಿಜಾರಿನ ಅಗಲ ಬೈಕಿನ ಗಾಲಿಗೆ ಸಾಕು. ಸ್ಟ್ರಾಲರಿನ ಹಿಂಗಾಲಿಗಳ ನಡುವಿನ ಅಂತರ ದಿನಬಳಕೆಯದರಲ್ಲಿ ಸುಮಾರು 50, ಓಟದ್ದರಲ್ಲಿ 60 ಸೆಂಟಿಮೀಟರ್ ದಾಟುತ್ತದೆ. ಎರಡೂ ಅದರ ಮೇಲೆ ಕೂಡುವುದಿಲ್ಲ. ಅಂದಮೇಲೆ ಎತ್ತಲೇಬೇಕು. ಏಳು ಕಿಲೋ ಗಾಡಿಯನ್ನು ಒಂದು ಕೈಯಲ್ಲಿ, ಕೂಸನ್ನು ಕಂಕುಳಲ್ಲಿ ಹಿಡಿದು ಇಳಿಯಬಹುದು. ಹನ್ನೆರಡು ಕಿಲೋದ ಉದ್ದನೆಯ ಗಾಡಿಗೆ ಎರಡೂ ಕೈ ಬೇಕು, ಕೂಸನ್ನು ಹಿಡಿಯಲು ಇನ್ನೊಬ್ಬರು ಬೇಕು. ಮನೆಯಲ್ಲಿ ತಾಯಿ ಒಬ್ಬರೇ ಇರುವ ಹೊತ್ತಿನಲ್ಲಿ ಓಟದ ಗಾಡಿ ಪಡಸಾಲೆಯಲ್ಲೇ ನಿಂತಿರುತ್ತದೆ. ಕೂಸನ್ನು ಕೂರಿಸಿಕೊಂಡೇ ಗಾಡಿಯನ್ನು ಹಿಡಿದೆತ್ತಿ ಪಾವಟಿಗೆ ಇಳಿಸುವುದನ್ನು ಎರಡರಲ್ಲೂ ಮಾಡಬೇಡಿ. ಮಡಚುವ ಕೊಂಡಿ ಕೈಗೆ ತಾಗಿ ಬಿಚ್ಚಿಕೊಂಡರೆ ಗಾಡಿ ಕೂಸಿನ ಸಮೇತ ಮಡಚಿಕೊಳ್ಳುತ್ತದೆ.

ಆಟೋದ ಮಾತೂ ಇದೇ. ದಿನಬಳಕೆಯದು ಮಡಚಿದರೆ ಸೀಟಿನ ಹಿಂದಿನ ಜಾಗಕ್ಕೋ ಕಾಲ ಬಳಿಗೋ ಸೇರುತ್ತದೆ. ಓಟದ್ದು ಮಡಚಿದರೂ ಹಿಂಗಾಲಿಗಳು ಹೊರಚಾಚುತ್ತವೆ. ಕ್ವಿಕ್ ರಿಲೀಸ್ ಒತ್ತಿ ಮೂರೂ ಗಾಲಿ ಕಳಚಿದರೆ ಸಣ್ಣ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ, ಆದರೆ ಡಿಕ್ಕಿಯಲ್ಲಿ ಬೇರೇನೂ ಹಿಡಿಯುವುದಿಲ್ಲ. ಕೆಕೆಆರ್‌ಟಿಸಿ ಬಸ್ಸಿಗಂತೂ ಓಟದ ಗಾಡಿಯ ಯೋಚನೆಯೇ ಬೇಡ. ಶರಣಬಸವೇಶ್ವರ ಜಾತ್ರೆಯ ಗದ್ದಲಕ್ಕೆ ಎರಡೂ ಬೇಡ, ಕೂಸು ಎದೆಯ ಮೇಲೇ ಇರಲಿ.

ಈಗ ಓಡುವವರ ವಿಚಾರ. ಅಂಗಡಿಯಲ್ಲಿ ‘ಆಲ್-ಟೆರೇನ್’ ಎಂದು ಬರೆದ ಗಾಡಿಯನ್ನೇ ಓಟದ್ದು ಎಂದು ಮಾರುವುದುಂಟು. ಎರಡೂ ಒಂದಲ್ಲ. ದೊಡ್ಡ ಗಾಲಿ, ಹವಾ ಟೈರು ಇದ್ದರೆ ಆಲ್-ಟೆರೇನ್. ಓಡಬೇಕೆಂದರೆ ಅದರ ಜೊತೆಗೆ ಮುಂಗಾಲಿಯನ್ನು ನೇರಕ್ಕೆ ಲಾಕ್ ಮಾಡುವ ವ್ಯವಸ್ಥೆ, ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಐದು ಕಡೆ ಬಿಗಿಯುವ ಬೆಲ್ಟು ಇರಬೇಕು, ಓಡಲು ತಕ್ಕದ್ದು ಎಂದು ತಯಾರಕರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಕೈಪಿಡಿಯಲ್ಲಿ ಇಲ್ಲದಿದ್ದರೆ ಅದು ನಡೆಯುವ ಗಾಡಿ, ಅಷ್ಟೇ. ದಿನಬಳಕೆಯ ಗಾಡಿಯನ್ನು ತಳ್ಳಿಕೊಂಡು ಓಡುವುದು ನಿಜಕ್ಕೂ ಅಪಾಯ. ವೇಗ ಏರಿದಂತೆ ಮುಂದಿನ ತಿರುಗುವ ಗಾಲಿಗಳು ಗಡಗಡ ನಡುಗಲು ಶುರುವಾಗುತ್ತವೆ, ಒಂದು ಖಡಿ ಕಲ್ಲು ಅಡ್ಡ ಸಿಕ್ಕರೆ ಗಾಲಿ ಅಡ್ಡಡ್ಡ ತಿರುಗಿ ಗಾಡಿ ಉರುಳುತ್ತದೆ.

ಓಟದ ಗಾಡಿಯಲ್ಲೂ ಆರು ತಿಂಗಳೊಳಗಿನ ಕೂಸನ್ನು ಕೂರಿಸಿ ಓಡಬಾರದು. ಹಲವು ತಯಾರಕರು ಎಂಟು ತಿಂಗಳು ಎನ್ನುತ್ತಾರೆ. ಕತ್ತು ಗಟ್ಟಿಯಾಗಿ, ಆಧಾರವಿಲ್ಲದೆ ಕೂರಲು ಬಂದ ಮೇಲೆ, ಮಕ್ಕಳ ಡಾಕ್ಟರರನ್ನು ಒಂದು ಮಾತು ಕೇಳಿಯೇ ಶುರು ಮಾಡಿ. ಇಲ್ಲಿ ದಿನಬಳಕೆಯದು ಗೆಲ್ಲುತ್ತದೆ: ಪೂರ್ತಿ ಚಪ್ಪಟೆಯಾಗಿ ಮಲಗುವ ಸೀಟು ಇದ್ದರೆ ಹುಟ್ಟಿದ ಕೂಸಿಗೂ ಆಗುತ್ತದೆ. ಓಟದ ಗಾಡಿಗಳ ಸೀಟು ಬಹುಪಾಲು ಅಷ್ಟು ಬಾಗುವುದಿಲ್ಲ. ಅತ್ತ, ದಿನಬಳಕೆಯದರ ಮಿತಿ ಸಾಮಾನ್ಯವಾಗಿ 15 ಕಿಲೋ. ಓಟದ್ದು 20 ಕಿಲೋ ದಾಟಿದ ಮಗುವನ್ನೂ ಹೊರುತ್ತದೆ.

ಓಟದ ಗಾಡಿ ಒಂದು ಬದಿಗೆ ಎಳೆಯುತ್ತಿದೆಯೇ ಎಂದು ನೋಡಲು ನಮ್ಮ ಪಡಸಾಲೆಯ ಫರಸಿಗಿಂತ ಒಳ್ಳೆಯ ಸಾಧನವಿಲ್ಲ. ಮುಂಗಾಲಿ ಲಾಕ್ ಮಾಡಿ, ಖಾಲಿ ಗಾಡಿಯ ಮುಂಗಾಲಿಯನ್ನು ಕಲ್ಲುಗಳ ಸಂದಿನ ಗೆರೆಯ ಮೇಲೆ ಇಟ್ಟು, ಮೆಲ್ಲಗೆ ತಳ್ಳಿ ಕೈ ಬಿಡಿ. ಮೂರು ಮೀಟರ್ ಹೋಗುವಷ್ಟರಲ್ಲಿ ಗೆರೆಯಿಂದ ಒಂದು ಗೇಣು ಸರಿದರೆ ಜೋಡಣೆ ತಪ್ಪಿದೆ. ಮೊದಲು ಮೂರೂ ಟೈರಿನ ಹವಾ ನೋಡಿ. ಹಿಂಗಾಲಿ ಒಂದರಲ್ಲಿ ಹವಾ ಕಡಿಮೆಯಿದ್ದರೆ ಅದೇ ಕಡೆಗೆ ಎಳೆಯುತ್ತದೆ. ಆಮೇಲೆ ಮುಂಗಾಲಿಯನ್ನು ಒಮ್ಮೆ ಕಳಚಿ, ಅಚ್ಚು ಎರಡೂ ಬದಿ ತಳಮುಟ್ಟಿ ಕೂರುವಂತೆ ಮತ್ತೆ ಹಾಕಿ. ಇಷ್ಟಾದರೂ ಎಳೆದರೆ ಮುಂಗಾಲಿಯ ಬಳಿ ಇರುವ ಜೋಡಣೆಯ ತಿರುಪನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅದೇ ಗೆರೆಯ ಮೇಲೆ ಬಿಡಿ. ಮೂರು ನಾಲ್ಕು ಸಲದಲ್ಲಿ ಸರಿಹೋಗುತ್ತದೆ. ಇದನ್ನು ಬಿಟ್ಟು ಓಡಿದರೆ ಪ್ರತಿ ಹೆಜ್ಜೆಗೂ ಗಾಡಿಯನ್ನು ಮಣಿಕಟ್ಟಿನಿಂದ ತಿದ್ದಬೇಕು, ಎರಡು ಕಿಲೋಮೀಟರಿಗೆ ಕೈ ಸೋಲುತ್ತದೆ.

ಕೈಬ್ರೇಕು ವೇಗ ಇಳಿಸಲು, ಕಾಲ್‌ಬ್ರೇಕು ನಿಂತ ಗಾಡಿ ಉರುಳದಂತೆ ಹಿಡಿಯಲು. ಲಿವರ್ ಹ್ಯಾಂಡಲಿಗೆ ತಾಗುವ ಮೊದಲೇ ಗಾಲಿ ಹಿಡಿಯಬೇಕು, ಇಲ್ಲವಾದರೆ ಕೇಬಲ್ ಬಿಗಿ ಮಾಡಿಸಿ. ಸೈಕಲ್ ಅಂಗಡಿಯವರಿಗೆ ಇದು ಎರಡು ನಿಮಿಷದ ಕೆಲಸ.

ಹವಾ ಟೈರಿನ ಗಾಡಿ ಕೊಂಡರೆ ಜಾಲಿ ಮುಳ್ಳು ನಿಮ್ಮ ಪಾಲಿಗೆ ಬಂದಂತೆ. ಊರ ಹೊರಗೆ ರಸ್ತೆಬದಿಯಲ್ಲಿ ಬಳ್ಳಾರಿ ಜಾಲಿ ಎಲ್ಲೆಲ್ಲೂ ಇದೆ, ಅದರ ಒಣಮುಳ್ಳು ಟೈರನ್ನು ಸಲೀಸಾಗಿ ದಾಟುತ್ತದೆ. ಸಮಾಧಾನವೆಂದರೆ 12 ಮತ್ತು 16 ಇಂಚಿನ ಟ್ಯೂಬುಗಳು ಚಿಕ್ಕಮಕ್ಕಳ ಸೈಕಲ್ಲಿಗೂ ಬರುವ ಅಳತೆಗಳು. ಟೈರಿನ ಬದಿಯಲ್ಲಿ ಅಚ್ಚಾದ ಅಳತೆಯನ್ನು ಬರೆದುಕೊಂಡು ಹೋದರೆ ಸೈಕಲ್ ಅಂಗಡಿಯಲ್ಲಿ ಕೇಳಬಹುದು. ವಾಲ್ವ್ ಮಾತ್ರ ನೋಡಿಕೊಳ್ಳಿ: ಸ್ಟ್ರಾಲರಿನಲ್ಲಿ ಸಾಮಾನ್ಯವಾಗಿ ಬೈಕಿನ ವಾಲ್ವ್ ಇರುತ್ತದೆ, ನಮ್ಮ ಹಳೆಯ ಸೈಕಲ್ ವಾಲ್ವ್ ಅಲ್ಲ. ಬೈಕಿನದೇ ಆದ್ದರಿಂದ ಪೆಟ್ರೋಲ್ ಬಂಕಿನಲ್ಲಿ ಹವಾ ಹಾಕಿಸುವ ಮನಸ್ಸಾಗುತ್ತದೆ. ಬೇಡ. ಇಷ್ಟು ಸಣ್ಣ ಟ್ಯೂಬು ಆ ಒತ್ತಡಕ್ಕೆ ಕಣ್ಣುಮಿಟುಕಿಸುವಷ್ಟರಲ್ಲಿ ತುಂಬಿ ಸಿಡಿಯಬಹುದು. ಕಾಲಲ್ಲಿ ಒತ್ತುವ ಪಂಪು, ಅದಕ್ಕೊಂದು ಮಾಪಕ ಇಟ್ಟುಕೊಳ್ಳಿ. ಗರಿಷ್ಠ ಒತ್ತಡ ಟೈರಿನ ಬದಿಯಲ್ಲೇ ಇರುತ್ತದೆ, ಸಾಮಾನ್ಯವಾಗಿ 30 ಪಿಎಸ್‌ಐ ಆಸುಪಾಸು. ಬೇಸಿಗೆಯಲ್ಲಿ ಅದಕ್ಕಿಂತ ನಾಲ್ಕೈದು ಕಡಿಮೆಯೇ ಇರಲಿ. ತಂಪು ಹೊತ್ತಿನಲ್ಲಿ 25 ಡಿಗ್ರಿಯಲ್ಲಿ 30 ತುಂಬಿದ ಟ್ಯೂಬು ಬಿಸಿಲಲ್ಲಿ ನಿಂತು 60 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 35ಕ್ಕೆ ಏರುತ್ತದೆ. ಫೋಮಿನ ಗಾಲಿಗೆ ಈ ಯಾವ ರಗಳೆಯೂ ಇಲ್ಲ. ಅದು ಸವೆಯುತ್ತದೆ, ಪಂಚರ್ ಆಗುವುದಿಲ್ಲ.

ಮಳೆಗಾಲಕ್ಕೆ ಬಂದರೆ ಎರೆ ಮಣ್ಣು ಇಬ್ಬರನ್ನೂ ಸೋಲಿಸುತ್ತದೆ, ಒಂದನ್ನು ಬೇಗ, ಇನ್ನೊಂದನ್ನು ತಡವಾಗಿ. ಖಾಲಿ ಪ್ಲಾಟುಗಳ ನಡುವಿನ ಹೊಸ ಬಡಾವಣೆಯ ದಾರಿಯಲ್ಲಿ ದಿನಬಳಕೆಯ ಗಾಡಿ ಹತ್ತಿಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ರಾಡಿ ಗಾಲಿಗೆ ಸುತ್ತಿಕೊಂಡು, ಗಾಲಿಗೂ ಅದನ್ನು ಹಿಡಿದ ಕವಲಿಗೂ ನಡುವಿನ ಸಂದು ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಅದು ಜಾರುಬಂಡಿ. ಓಟದ ಗಾಡಿಯಲ್ಲಿ ಆ ಸಂದು ಅಗಲ, ಟೈರು ತಾನೇ ಮಣ್ಣನ್ನು ಒದರಿಕೊಳ್ಳುತ್ತ ಇನ್ನಷ್ಟು ದೂರ ಹೋಗುತ್ತದೆ, ಆದರೆ ಆ ಮಣ್ಣು ನಿಮ್ಮ ಮೊಳಕಾಲಿಗೆ ಹಾರುತ್ತದೆ. ಮನೆಗೆ ಬಂದ ಕೂಡಲೇ ನೀರು ಬಿಟ್ಟು ತೊಳೆಯಿರಿ. ಒಂದು ರಾತ್ರಿ ಬಿಟ್ಟರೆ ಕಲ್ಲಾಗುತ್ತದೆ, ಅದನ್ನು ಕೆರೆಯಲು ಹೋದರೆ ಬೇರಿಂಗಿನ ಮುಚ್ಚಳ ಕಿತ್ತುಬರುತ್ತದೆ. ಒಣಗಿದ ಮೇಲೆ ಅಚ್ಚಿಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಅಡುಗೆ ಎಣ್ಣೆಯನ್ನೋ ಹಳೆಯ ಎಂಜಿನ್ ಆಯಿಲನ್ನೋ ಹಾಕಿದರೆ ಧೂಳು ಅಂಟಿ ಗಾಲಿ ಮೊದಲಿಗಿಂತ ಜೋರಾಗಿ ಕಿರುಗುಟ್ಟುತ್ತದೆ. ಬೀದರಿನ ಕಡೆಯವರಿಗೆ ಈ ಪಾಡು ಕಡಿಮೆ. ಅಲ್ಲಿಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಮಣ್ಣು ಹೀಗೆ ಅಂಟುವುದಿಲ್ಲ. ಆದರೆ ಗರಸು ಕಲ್ಲು ಚಿಕ್ಕ ಗಾಲಿಯನ್ನು ಕುಣಿಸುತ್ತದೆ, ಕೋಟೆಯ ಒಳಗೆ ನಡೆದಾಡಲಿಕ್ಕೂ ದೊಡ್ಡ ಗಾಲಿಯೇ ವಾಸಿ.

ಬಿಸಿಲಿನಲ್ಲಿ ಎರಡಕ್ಕೂ ಒಂದೇ ನಿಯಮ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿದು. ಅಪ್ಪನ ಕೆರೆಯ ಸುತ್ತ ತಳ್ಳುವುದಿದ್ದರೆ ಬೆಳಿಗ್ಗೆ ಏಳರೊಳಗೆ ಮುಗಿಸಿ. ಬಿಸಿಲು ಬಡಿಯುತ್ತದೆಂದು ಗಾಡಿಯ ಮೇಲೆ ದುಪಟ್ಟಾ, ಪಂಚೆ ಮುಚ್ಚಿಬಿಡುವುದು ಎಲ್ಲರ ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಒಣಬಟ್ಟೆ ಮುಚ್ಚಿದರೆ ಗಾಳಿ ಆಡದೆ ಒಳಗಿನ ಕಾವು ಹೊರಗಿನದಕ್ಕಿಂತ ಏರುತ್ತದೆ, ಕೂಸಿನ ಮುಖವೂ ನಿಮಗೆ ಕಾಣುವುದಿಲ್ಲ. ಹಿಂದೆ ಜಾಳಿಗೆಯ ಕಿಟಕಿ ಇರುವ ಚಾವಣಿಯ ಗಾಡಿ ಆರಿಸಿ. ಈ ವಿಷಯದಲ್ಲಿ ಓಟದ ಗಾಡಿಗಳ ಚಾವಣಿ ಸಾಮಾನ್ಯವಾಗಿ ದೊಡ್ಡದು, ಕೂಸಿನ ಕಾಲಿನವರೆಗೂ ನೆರಳು ಕೊಡುತ್ತದೆ. ಬಿಸಿಲಲ್ಲಿ ನಿಂತಿದ್ದ ಗಾಡಿಗೆ ಕೂಸನ್ನು ಕೂರಿಸುವ ಮೊದಲು ಬೆಲ್ಟಿನ ಬಕಲನ್ನು ಮುಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ನಿಮಗೆ ಚುರುಕ್ ಎಂದರೆ ಕೂಸಿನ ತೊಡೆಗೆ ಬೊಬ್ಬೆ ಏಳುತ್ತದೆ.

ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ದಿನಬಳಕೆಯದು ನಾಲ್ಕೈದು ಸಾವಿರದಿಂದ ಶುರು, ಸರಿಯಾದ ಓಟದ ಗಾಡಿಗೆ ಅದರ ಹಲವು ಪಟ್ಟು. ಅದಕ್ಕೇ ಹಳೆಯದನ್ನು ಕೊಳ್ಳುವವರು ಹೆಚ್ಚು. ನೋಡಲು ಹೋದಾಗ ಟೈರಿನ ಬದಿಯನ್ನು ಬೆರಳಿನಿಂದ ಒತ್ತಿ: ಬಿಸಿಲಿಗೆ ಒಣಗಿದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ತೆರೆದುಕೊಳ್ಳುತ್ತವೆ. ಗಾಡಿ ಬಿಚ್ಚಿ ನಿಲ್ಲಿಸಿ, ಬ್ರೇಕು ಹಾಕಿ, ಹ್ಯಾಂಡಲಿನ ಮೇಲೆ ನಿಮ್ಮ ಭಾರ ಸ್ವಲ್ಪ ಹಾಕಿ ಅಲ್ಲಾಡಿಸಿ, ಮಡಚುವ ಕೊಂಡಿ ಟಕ್ ಟಕ್ ಸದ್ದು ಮಾಡಿದರೆ ಬಿಟ್ಟು ಬನ್ನಿ. ಟೈರು ಬದಲಿಸಬಹುದು, ಆ ಕೊಂಡಿ ಸವೆದಿದ್ದರೆ ಅದಕ್ಕೆ ರಿಪೇರಿ ಇಲ್ಲ.