ದಶಕಗಟ್ಟಲೆ ನಿಂತ ಮೂರು ದೊಡ್ಡ ಕಾರು: ಇಂಪಾಲ, ಗ್ಯಾಲಕ್ಸಿ, ಫ್ಯೂರಿ

ಮೂರೂ 1965ರ ಮಾಡೆಲ್. ಶೆವ್ರೊಲೆ ಇಂಪಾಲ, ಫೋರ್ಡ್ ಗ್ಯಾಲಕ್ಸಿ 500, ಪ್ಲಿಮತ್ ಫ್ಯೂರಿ. ಮೂರಕ್ಕೂ ನಾಲ್ಕು ಬಾಗಿಲು, ವಿ8 ಎಂಜಿನ್, ಆಟೊಮ್ಯಾಟಿಕ್ ಗೇರ್, ಪವರ್ ಸ್ಟೀರಿಂಗ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಕೂಡ ಮೂರರಲ್ಲೂ 119 ಇಂಚು. ಉದ್ದ 17 ಅಡಿಗಿಂತ ಜಾಸ್ತಿ. ಎಲ್ಲವೂ ದಶಕಗಟ್ಟಲೆ ರಸ್ತೆ ಕಾಣದೆ ನಿಂತು, ಈಗ ಮಾರಾಟಕ್ಕೆ ಬಂದಿದ್ದವು. ನಾನಿರುವುದು ಮಿಶಿಗನ್‌ನಲ್ಲಿ. ಇಂಪಾಲ ಲ್ಯಾನ್ಸಿಂಗ್ ಊರಿನ ಮನೆಯೊಂದರ ಗ್ಯಾರೇಜಿನಲ್ಲಿತ್ತು. ಗ್ಯಾಲಕ್ಸಿ ಓಹಾಯೋದಲ್ಲಿ, ಟೊಲೀಡೊ ದಾಟಿದ ಮೇಲೆ ಸಿಗುವ ಒಂದು ಹೊಲದ ಮನೆಯ ಕೊಟ್ಟಿಗೆಯಲ್ಲಿ. ಫ್ಯೂರಿ ಆನ್ ಆರ್ಬರ್ ಹತ್ತಿರದ ಒಂದು ತಗಡಿನ ಶೆಡ್ಡಿನಲ್ಲಿ.

ಕೇಳಿದ ಬೆಲೆ: ಇಂಪಾಲಕ್ಕೆ 8,500 ಡಾಲರ್, ಫ್ಯೂರಿಗೆ 5,500, ಗ್ಯಾಲಕ್ಸಿಗೆ 3,000. ಎರಡು ಬಾಗಿಲಿನವು ಆಗಿದ್ದರೆ ನಾನು ಹತ್ತಿರ ಕೂಡ ಸುಳಿಯುತ್ತಿರಲಿಲ್ಲ, ಅವುಗಳ ಬೆಲೆಯೇ ಬೇರೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗೋಕೆ ನಾಲ್ಕು ಬಾಗಿಲೇ ಸರಿ ಅಲ್ವಾ.

ಇಂಥ ಕಾರು ನೋಡೋಕೆ ಹೋದಾಗ ಎಲ್ಲರೂ ಮೊದಲು ಕೇಳುವುದು ಒಂದೇ. ಎಷ್ಟು ವರ್ಷದಿಂದ ನಿಂತಿದೆ, ಎಂಜಿನ್ ಸ್ಟಾರ್ಟ್ ಆಗುತ್ತಾ? ಮೂರನ್ನೂ ನೋಡಿದ ಮೇಲೆ ನಾನು ಹೇಳೋದು, ಮೊದಲು ಕೇಳಬೇಕಾದ್ದು ಕಾರು ಯಾವ ನೆಲದ ಮೇಲೆ ನಿಂತಿತ್ತು ಅಂತ. ಎಂಜಿನ್ ಜಾಮ್ ಆಗಿದ್ದರೆ ಬಿಡಿಸಬಹುದು. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಬಹುದು. ಪೆಟ್ರೋಲ್ ಟ್ಯಾಂಕಿನಲ್ಲಿ ಹಳೇ ಪೆಟ್ರೋಲು ಅಂಟಾಗಿ ವಾರ್ನಿಷ್ ವಾಸನೆ ಬರ್ತಿದ್ದರೆ ಹೊಸ ಟ್ಯಾಂಕೇ ಹಾಕಬಹುದು. ಆದರೆ ಕೆಳಗಿನಿಂದ ವರ್ಷಗಟ್ಟಲೆ ತೇವ ಏರಿ ಫ್ರೇಮ್, ಅಂದರೆ ಇಡೀ ಕಾರನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟನ್ನು ತಿಂದುಬಿಟ್ಟಿದ್ದರೆ ಆ ಕಾರು ಮುಗಿದ ಹಾಗೆ.

ಗ್ಯಾಲಕ್ಸಿಯಲ್ಲಿ ಆಗಿದ್ದು ಅದೇ. ಮೂರರಲ್ಲಿ ಅತಿ ಸುಲಭವಾಗಿ ಎದ್ದ ಎಂಜಿನ್ ಅದರದ್ದು. 352 ಕ್ಯೂಬಿಕ್ ಇಂಚಿನದು, ಅಂದರೆ ಸುಮಾರು 5.8 ಲೀಟರ್, ಹೊಸದರಲ್ಲಿ 250 ಹಾರ್ಸ್‌ಪವರ್. ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಉದ್ದನೆ ಹಿಡಿಯ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದರೆ ನಿರಾಯಾಸವಾಗಿ ತಿರುಗಿತು. ಟ್ಯಾಂಕ್ ಮುಟ್ಟದೆ, ನಾನೇ ಒಯ್ದ ಕ್ಯಾನಿನಿಂದ ಪೆಟ್ರೋಲ್ ಕೊಟ್ಟೆ. ಹತ್ತಿಕೊಂಡಿತು. ಎಷ್ಟು ಮೆತ್ತಗೆ ನಡೀತಿತ್ತು ಅಂದರೆ ಪಕ್ಕದಲ್ಲಿ ನಿಂತು ಮಾಮೂಲಿ ದನಿಯಲ್ಲಿ ಮಾತಾಡಬಹುದಿತ್ತು. 1965ರಲ್ಲಿ ಫೋರ್ಡ್ ಕಂಪನಿ ತನ್ನ ದೊಡ್ಡ ಕಾರುಗಳು ರೋಲ್ಸ್ ರಾಯ್ಸ್‌ಗಿಂತ ಸದ್ದಿಲ್ಲದವು ಅಂತ ಜಾಹೀರಾತು ಕೊಟ್ಟಿತ್ತು, ಅವತ್ತು ಅದನ್ನು ನಂಬೋಕೆ ನನಗೆ ಕಷ್ಟ ಆಗಲಿಲ್ಲ.

ಆಮೇಲೆ ಕೆಳಗೆ ತೂರಿದೆ. ಕೊಟ್ಟಿಗೆಯ ನೆಲ ಬರೀ ಮಣ್ಣು. ಮೇಲೆ ಸೂರು ಗಟ್ಟಿಯಾಗಿತ್ತು, ಒಂದು ಹನಿ ಮಳೆ ಬಿದ್ದಿರಲಿಲ್ಲ, ಬಣ್ಣ ಇನ್ನೂ ಹೊಳೀತಿತ್ತು. ಆದರೆ ಹಿಂದಿನ ಚಕ್ರದ ಮುಂದೆ ಫ್ರೇಮಿಗೆ ಸ್ಕ್ರೂಡ್ರೈವರ್ ಒತ್ತಿದರೆ ತುಕ್ಕು ಹಪ್ಪಳದ ಹಾಗೆ ಮುರಿದು ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಇನ್ನೊಂದು ಬದಿಯೂ ಹಾಗೇ. ಬ್ರೇಕ್ ಪೈಪುಗಳ ಗತಿಯೂ ಅದೇ. ಜೊತೆಗೆ ಇಲಿಗಳು ಹೀಟರ್ ಡಬ್ಬಿಯೊಳಗೆ ಸಂಸಾರ ಹೂಡಿ, ಡ್ಯಾಶ್‌ಬೋರ್ಡ್ ಹಿಂದಿನ ವೈರು ಕಡಿದಿದ್ದವು. ಹೊಲದ ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿ ನಿಲ್ಲಿಸಿದೆ, ಅದಕ್ಕಿಂತ ಜಾಸ್ತಿ ಓಡಿಸೋದು ಸರಿಯಲ್ಲ. ಹಾಗಾಗಿ ರಸ್ತೆಯ ಮೇಲೆ ಗ್ಯಾಲಕ್ಸಿ ಹೇಗೆ ಹೋಗುತ್ತೆ ಅನ್ನೋದರ ಬಗ್ಗೆ ಇಲ್ಲಿ ಏನೂ ಬರೆಯುತ್ತಿಲ್ಲ.

ಇಂಪಾಲ ಎಲ್ಲರಿಗೂ ಗೊತ್ತಿರೋ ಹೆಸರು. ಭಾರತದಲ್ಲಿ ಕೂಡ ಒಂದು ಕಾಲದಲ್ಲಿ ದೊಡ್ಡವರ ಕಾರು ಅಂದರೆ ಇಂಪಾಲವೇ. ಅಮೆರಿಕದಲ್ಲಿ 1965ರ ಒಂದೇ ಮಾಡೆಲ್ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಪಾಲ ಹೋದವು. ಅದರ ಲಾಭ ಇವತ್ತಿಗೂ ಇದೆ. ಲೈಟಿನ ಗಾಜು, ಬಾಗಿಲ ರಬ್ಬರ್, ಡಿಕ್ಕಿಯ ತಗಡು, ಸೀಟ್ ಕವರ್, ಏನು ಬೇಕಾದರೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಈ ಒಂದು ವಿಷಯದಲ್ಲಿ ಉಳಿದೆರಡು ಅದರ ಹತ್ತಿರವೂ ಬರಲ್ಲ.

ನಾನು ನೋಡಿದ ಕಾರಿನಲ್ಲಿ 283 ಕ್ಯೂಬಿಕ್ ಇಂಚಿನ ಎಂಜಿನ್, 195 ಹಾರ್ಸ್‌ಪವರ್. ತೀರಿಹೋದ ತಂದೆಯ ಕಾರನ್ನು ಮಗ ಮಾರ್ತಿದ್ದರು, ಪಾಪ ಒಳ್ಳೇ ಮನುಷ್ಯ, ಬ್ರೇಕ್ ಆಗಲೇ ಮಾಡಿಸಿದ್ದರು. ಇಲ್ಲಿ ಒಂದು ವಿಷಯ ನೆನಪಿರಲಿ: 283ರ ಎಷ್ಟೋ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಮುಂದೆ ಬೋಲ್ಟೇ ಇರಲ್ಲ, ಪುಲ್ಲಿಯ ಹಿಂದಿನ ಬ್ಯಾಲೆನ್ಸರನ್ನು ಸುಮ್ನೆ ಒತ್ತಿ ಕೂರಿಸಿರ್ತಾರೆ. ಪಾನಾ ಹಾಕೋಕೆ ಜಾಗ ಹುಡುಕಿ ಸುಸ್ತಾಗಬೇಡಿ. ಕೆಳಗಿನ ಮುಚ್ಚಳ ತೆಗೆದು ಫ್ಲೈವೀಲ್ ಹಲ್ಲಿನಿಂದ ತಿರುಗಿಸಬೇಕು. ಹಾಗೇ ಮಾಡಿದೆವು, ತಿರುಗಿತು, ಸ್ವಲ್ಪ ಹೊತ್ತು ಕೆಮ್ಮಿ ಹೊಗೆ ಬಿಟ್ಟು ಆಮೇಲೆ ಸರಿಹೋಯಿತು.

ಇನ್ನೊಂದು, ಇದು ಗಂಭೀರ. ಬ್ರೇಕ್ ಒತ್ತಿ ಹಿಡಿದು, ಡ್ರೈವ್‌ಗೆ ಹಾಕಿ, ಚೂರು ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಎಡಗಡೆ ಮೇಲಕ್ಕೆ ಎದ್ದಿತು. ಎಂಜಿನ್ ಮೌಂಟಿನ, ಅಂದರೆ ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಬಿಡಿಭಾಗದ, ರಬ್ಬರ್ ಬಿಟ್ಟುಹೋಗಿದೆ ಅಂತ ಅರ್ಥ. ಈ ಕಾಲದ ಶೆವ್ರೊಲೆಗಳಲ್ಲಿ ಇದು ಹಳೇ ಕಥೆ. ಮೌಂಟ್ ಕಿತ್ತುಕೊಂಡರೆ ಎಂಜಿನ್ ಎದ್ದು ಆಕ್ಸಿಲರೇಟರ್ ಕಡ್ಡಿಯನ್ನೇ ಎಳೆದು ಹಿಡಿಯಬಹುದು. ಅದಕ್ಕಾಗಿಯೇ ಶೆವ್ರೊಲೆ ಮಾಡುವ ಜನರಲ್ ಮೋಟರ್ಸ್ ಕಂಪನಿ 1971ರ ಕೊನೆಗೆ 67 ಲಕ್ಷದಷ್ಟು ಕಾರುಗಳನ್ನು ವಾಪಸ್ ಕರೆಸಿ, ಎಂಜಿನ್ ಮೇಲೆ ಏಳದ ಹಾಗೆ ಒಂದು ತಂತಿ ಹಗ್ಗ ಕಟ್ಟಿಕೊಟ್ಟಿತು. ಈ ಕಾರಿನಲ್ಲಿ ಆ ಹಗ್ಗ ಇತ್ತು, ಎಂಜಿನ್ನನ್ನು ಹಿಡಿದೂ ಇತ್ತು. ನೀವು ನೋಡುವ ಕಾರಿನಲ್ಲಿ ಅದು ಇಲ್ಲದಿದ್ದರೆ ಹೊಸ ಮೌಂಟ್ ಹಾಕುವವರೆಗೂ ಓಡಿಸಬೇಡಿ.

ಇಂಪಾಲ ನಿಂತಿದ್ದು ಕಾಂಕ್ರೀಟ್ ಮೇಲೆ, ಹಾಗಾಗಿ ಫ್ರೇಮ್ ಚೆನ್ನಾಗಿತ್ತು. ತೊಂದರೆ ಮೇಲಿನಿಂದ. ಹಿಂದಿನ ಗಾಜಿನ ಬುಡದಲ್ಲಿ ನೀರು ಇಳಿದು ಡಿಕ್ಕಿಯ ತಳ ಜಾಲರಿಯಾಗಿತ್ತು. ಬೀದಿಯಲ್ಲಿ ಓಡಿಸಿದಾಗ ಸುಖ ಏನೋ ಇದೆ, ಗುಂಡಿ ಬಿದ್ದರೆ ಗೊತ್ತೇ ಆಗಲ್ಲ, ಬಾಗಿಲ ನಡುವೆ ಕಂಬವಿಲ್ಲದ ಹಾರ್ಡ್‌ಟಾಪ್ ಆದ್ದರಿಂದ ನಾಲ್ಕೂ ಗಾಜು ಇಳಿಸಿದರೆ ಪಕ್ಕಗಳೆರಡೂ ಪೂರ್ತಿ ಬಯಲು. ಆದರೆ ಇದರ ಪವರ್‌ಗ್ಲೈಡ್ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಇರೋದು ಎರಡೇ ಗೇರ್. ಮೊದಲನೆಯದು ಎಳೆದು ಎಳೆದು ಕೊನೆಗೂ ಬದಲಾಗುವಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೀತಾರೆ. ತಿರುವಿನಲ್ಲಿ ಇಡೀ ಕಾರು ಹೊರಗಡೆ ವಾಲುತ್ತೆ.

ಫ್ಯೂರಿ ಮೇಲೆ ನನಗೆ ನಿರೀಕ್ಷೆ ಇರಲಿಲ್ಲ. ಮೂರರಲ್ಲಿ ಎಂಜಿನ್ ಜಾಮ್ ಆಗಿದ್ದು ಇದೊಂದೇ. 318 ಕ್ಯೂಬಿಕ್ ಇಂಚಿನದು, ಆದರೆ ಎಲ್ಲರೂ ಹೇಳುವ ನಂತರದ 318 ಅಲ್ಲ, 1966ರವರೆಗೆ ದೊಡ್ಡ ಪ್ಲಿಮತ್‌ಗಳಿಗೆ ಹಾಕ್ತಿದ್ದ, ‘ಪಾಲಿ’ ಅಂತ ಕರೆಯುವ ಹಳೇ ಎಂಜಿನ್, ವಾಲ್ವ್ ಕವರಿನ ಕೆಳ ಅಂಚು ಅಲೆಅಲೆಯಾಗಿರುತ್ತೆ, ನೋಡಿದ ಕೂಡಲೇ ಗೊತ್ತಾಗುತ್ತೆ. ಒಡೆಯರು ವಯಸ್ಸಾದವರು. ಕಾರನ್ನು ನಿಲ್ಲಿಸುವಾಗ ಸ್ಟ್ಯಾಂಡ್ ಮೇಲೆ ಏರಿಸಿ, ಟ್ಯಾಂಕ್ ಖಾಲಿ ಮಾಡಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ ಇಟ್ಟಿದ್ದರು. ಅವಸರ ಮಾಡದೆ ಸಿಲಿಂಡರ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ನೆನೆಯೋಕೆ ಬಿಟ್ಟು, ದಿನಾ ಪಾನಾ ಹಾಕಿ ಹಿಂದೆ ಮುಂದೆ ಚೂರು ಚೂರು ಅಲ್ಲಾಡಿಸುತ್ತಾ ಹೋದೆವು. ಒಂದು ದಿನ ಬಿಟ್ಟಿತು. ಕಂಪ್ರೆಷನ್ ಅಳೆದಾಗ ಎಂಟೂ ಸಿಲಿಂಡರ್ ಹೆಚ್ಚು ಕಡಿಮೆ ಒಂದೇ ಸಮ ಬಂದವು.

ಫ್ಯೂರಿಗೆ ಬೇರೆ ಫ್ರೇಮ್ ಇಲ್ಲ, ಬಾಡಿಯೇ ಎಲ್ಲವನ್ನೂ ಹೊರುತ್ತೆ. ಹಾಗಾಗಿ ತುಕ್ಕು ಹಿಡಿದರೆ ಇನ್ನೂ ಕೆಟ್ಟದು. ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಅನ್ನೋ ಸರಳನ್ನು ಹಿಡಿದಿರುವ ಅಡ್ಡಪಟ್ಟಿ, ಹಿಂದಿನ ಪಟ್ಟಿ ಸ್ಪ್ರಿಂಗ್ ಸಿಕ್ಕಿಸಿರುವ ಜಾಗ, ಇವೆರಡನ್ನು ಚುಚ್ಚಿ ನೋಡದೆ ದುಡ್ಡು ಕೊಡಬೇಡಿ. ಇಲ್ಲಿ ಎರಡೂ ಕಡೆ ಕಬ್ಬಿಣ ಕಬ್ಬಿಣವಾಗಿಯೇ ಇತ್ತು. ಕಾಂಕ್ರೀಟ್ ನೆಲ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಶೆಡ್ಡಿಗೆ ಗಾಳಿಯಾಡುವ ಕಿಂಡಿ.

ಎರಡು ಎಚ್ಚರಿಕೆ. ಪ್ಲಿಮತ್ ಮಾಡ್ತಿದ್ದ ಕ್ರೈಸ್ಲರ್ ಕಂಪನಿಯ ಆ ಕಾಲದ ಕಾರುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ತಿರುಪಿನವು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಗೊತ್ತಿಲ್ಲದವರು ಜೋರಾಗಿ ಎಳೆದು ಬೋಲ್ಟೇ ಮುರೀತಾರೆ. ಗೇರ್ ಎಣ್ಣೆ ನೋಡುವಾಗ ಎಂಜಿನ್ ಓಡ್ತಿರಬೇಕು, ಗೇರ್ ಪಾರ್ಕ್‌ನಲ್ಲಲ್ಲ, ನ್ಯೂಟ್ರಲ್‌ನಲ್ಲಿರಬೇಕು.

ಹೊಸ ಟೈರು, ಹೊಸ ವೀಲ್ ಸಿಲಿಂಡರ್, ಹೊಸ ಹೋಸ್ ಹಾಕಿದ ಮೇಲೆ ಹೆದ್ದಾರಿಗೆ ಒಯ್ದೆ. ಅಬ್ಬಾ! ಇದರ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸಿಗೆ ಮೂರು ಗೇರ್, ಒಂದೊಂದೂ ಹೇಳಿ ಮಾಡಿಸಿದ ಹಾಗೆ ಬೀಳುತ್ತೆ. ತಿರುವಿನಲ್ಲಿ ಇಂಪಾಲದಷ್ಟು ವಾಲಲ್ಲ. ಸ್ಟೀರಿಂಗ್ ಮಾತ್ರ ತೀರಾ ಹಗುರ, ಒಂದು ಬೆರಳಲ್ಲಿ ತಿರುಗುತ್ತೆ, ಚಕ್ರ ಎತ್ತ ಇದೆ ಅಂತ ಕೈಗೆ ತಿಳಿಯಲ್ಲ. ಅದು ನನಗೆ ಇಷ್ಟ ಆಗಲಿಲ್ಲ. ಮೃದುತ್ವದಲ್ಲೂ ಇಂಪಾಲವೇ ಮೇಲು.

ನಾನು ಫ್ಯೂರಿ ತಗೊಂಡೆ. ಓಡಿಸೋಕೆ ಬೇಕು ಅನ್ನುವವರಿಗೆ ಇದೇ ಸರಿ ಅಂತ ನನಗೆ ಪೂರ್ತಿ ನಂಬಿಕೆ ಇದೆ. ಆದರೆ ಹಿಂದಿನ ದೀಪದ ಸುತ್ತಿನ ಪಟ್ಟಿ ಒಂದು ಹಾಳಾಗಿದೆ, ಹೊಸದು ಯಾರೂ ಮಾಡಲ್ಲ, ಗುಜರಿ ಅಂಗಳಗಳಲ್ಲಿ ಹುಡುಕುತ್ತಲೇ ಇದ್ದೇನೆ. ಅಂಥ ಹುಡುಕಾಟಕ್ಕೆ ತಾಳ್ಮೆ ಇಲ್ಲದವರು ಇನ್ನೂ 3,000 ಡಾಲರ್ ಸೇರಿಸಿ ಇಂಪಾಲ ತಗೊಳ್ಳಿ, ಡಿಕ್ಕಿಯ ತಳ ಬೆಸುಗೆ ಹಾಕಿಸಿ.

ಯಾವುದನ್ನೇ ತಗೊಂಡರೂ ಬ್ರೇಕ್ ವಿಷಯ ಒಂದಿದೆ. ಮೂರಕ್ಕೂ ಬ್ರೇಕಿನ ಮಾಸ್ಟರ್ ಸಿಲಿಂಡರ್‌ನಲ್ಲಿ, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಪೈಪುಗಳಿಗೆ ತಳ್ಳುವ ಭಾಗದಲ್ಲಿ, ಒಂದೇ ಕೋಣೆ. ಎಲ್ಲೋ ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತೆ. 1967ರ ಮಾಡೆಲ್‌ಗಳಲ್ಲಿ ಎರಡು ಕೋಣೆಯದು ಬಂತು, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತೆ. ನಾನು ಅದನ್ನು ಫ್ಯೂರಿಗೆ ಹಾಕಿಸ್ತಿದ್ದೇನೆ, ಅಲ್ಲಿಯವರೆಗೆ ಮಕ್ಕಳನ್ನು ಅದರಲ್ಲಿ ಕೂರಿಸಲ್ಲ.

ಗ್ಯಾಲಕ್ಸಿ ಇನ್ನೂ ಮಾರಾಟ ಆಗಿಲ್ಲ. ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿದು ಕಾರಿಗೆ ತುಕ್ಕು ಹಿಡಿಸೋದು ಅಷ್ಟಾಗಿ ಇಲ್ಲದ ಅರಿಜೋನಾದಂಥ ಕಡೆ ಎಂಜಿನ್ ಸತ್ತಿರೋ, ಮೈ ಗಟ್ಟಿ ಇರೋ ಗ್ಯಾಲಕ್ಸಿ ಯಾರಿಗಾದರೂ ಸಿಕ್ಕಿದ್ದರೆ ಆ 352 ಎಂಜಿನ್ನಿಗೋಸ್ಕರವೇ ಇದನ್ನು ತಗೊಳ್ಳಬಹುದು, 3,000 ಕೊಡಬೇಡಿ, ಅರ್ಧಕ್ಕೆ ಕೇಳಿ.