ಬಾಡಿಗೆ ಮನೆಗೆ ಎಷ್ಟು ಮಲಗುವ ಕೋಣೆ? ಮೈಸೂರಿನ ಒಂದು ವಿನ್ಯಾಸ ಕಚೇರಿಯ ಸೇವೆಯ ವಿಮರ್ಶೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹತ್ತಿರದ ಬಡಾವಣೆಯೊಂದರಲ್ಲಿ ನಮಗೆ 30×40 ಅಡಿಯ ನಿವೇಶನವಿದೆ. ಭವಿಷ್ಯ ನಿಧಿಯ ಹಣಕ್ಕೆ ಒಂದಿಷ್ಟು ಬ್ಯಾಂಕ್ ಸಾಲವನ್ನೂ ಸೇರಿಸಿ, ಬಾಡಿಗೆಗೆಂದೇ ಅಲ್ಲಿ ಮೂರು ಅಂತಸ್ತಿನ ಕಟ್ಟಡ ಕಟ್ಟಲು ನಾನೂ ನನ್ನ ಪತ್ನಿಯೂ ನಿರ್ಧರಿಸಿದೆವು. ನಕ್ಷೆಯ ಕೆಲಸವನ್ನು ನಗರದ ಒಂದು ವಿನ್ಯಾಸ ಕಚೇರಿಗೆ ಒಪ್ಪಿಸಿದ್ದೆವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಂತೆಯೇ ಬಾಡಿಗೆಯನ್ನು ನಂಬಿ ಮನೆ ಕಟ್ಟಲು ಹೊರಟವರಿಗೆ ಇಂತಹ ಸೇವೆಯಿಂದ ಏನನ್ನು ನಿರೀಕ್ಷಿಸಬಹುದು, ಯಾವುದನ್ನು ತಾವೇ ಕುಳಿತು ಲೆಕ್ಕ ಹಾಕಬೇಕು ಎಂಬುದು ತಿಳಿಯಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲೇ ಅವರ ಸಲಹೆ ಸಿದ್ಧವಾಗಿತ್ತು. "ಸಾರ್, ಪ್ರತಿ ಮಹಡಿಗೆ ಎರಡೆರಡು ಒನ್ ಬಿಎಚ್‌ಕೆ ಹಾಕಿಬಿಡಿ. ಒಂದು ಟು ಬಿಎಚ್‌ಕೆಗಿಂತ ಬಾಡಿಗೆ ಜಾಸ್ತಿ ಬರುತ್ತದೆ" ಎಂದರು ಅಲ್ಲಿಯ ಎಂಜಿನಿಯರ್. ಮಾತು ಸುಳ್ಳಲ್ಲ. ನಮ್ಮ ಬೀದಿಯಲ್ಲಿ ನಾವೇ ವಿಚಾರಿಸಿದಂತೆ ಒಂದು ಮಲಗುವ ಕೋಣೆಯ ಮನೆಗೆ ತಿಂಗಳಿಗೆ 8,500 ರೂಪಾಯಿ, ಎರಡು ಕೋಣೆಯ ಮನೆಗೆ 14,000 ರೂಪಾಯಿ ಬಾಡಿಗೆಯಿತ್ತು. ಹಾಗಾದರೆ ಒಂದೇ ಮಹಡಿಯಲ್ಲಿ ಎರಡು ಚಿಕ್ಕ ಮನೆಗಳಿಂದ 17,000 ರೂಪಾಯಿ ಬರುತ್ತದೆ. ವರ್ಷಕ್ಕೆ 36,000 ರೂಪಾಯಿ ಹೆಚ್ಚು. ಕಚೇರಿಯವರ ಲೆಕ್ಕ ಅಲ್ಲಿಗೇ ನಿಂತಿತ್ತು. ಅವರ ಸೇವೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪವೂ ಅದೇ: ಮನೆ ಖಾಲಿ ಬೀಳುವ ತಿಂಗಳುಗಳನ್ನು ಅವರು ಎಣಿಸಲೇ ಇಲ್ಲ.

ನನ್ನ ಅಕ್ಕನವರಿಗೆ ಅದೇ ಭಾಗದಲ್ಲಿ ಎರಡೂ ಬಗೆಯ ಬಾಡಿಗೆ ಮನೆಗಳಿವೆ. ಅವರು ಹತ್ತು ವರ್ಷಗಳಿಂದ ಒಂದು ನೋಟ್‌ಪುಸ್ತಕದಲ್ಲಿ ಯಾರು ಬಂದರು, ಯಾವಾಗ ಬಿಟ್ಟರು, ಎಷ್ಟು ದಿನ ಬೀಗ ಬಿದ್ದಿತ್ತು ಎಂಬುದನ್ನೆಲ್ಲ ಬರೆದಿಟ್ಟಿದ್ದಾರೆ. ಒಂದು ಕೋಣೆಯ ಮನೆಗೆ ಬರುವವರು ಹೆಚ್ಚಾಗಿ ಹೊಸದಾಗಿ ಕೆಲಸಕ್ಕೆ ಸೇರಿದವರು ಅಥವಾ ಹೊಸದಾಗಿ ಮದುವೆಯಾದವರು. ವರ್ಗಾವಣೆ ಬಂದರೆ, ಕೆಲಸ ಬದಲಾದರೆ, ಮನೆಗೆ ಮಗು ಬಂದರೆ ಅವರು ಬಿಟ್ಟು ಹೋಗುತ್ತಾರೆ, ಅದು ಸಹಜವೇ. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿದ ಕುಟುಂಬವಾದರೋ ಅಷ್ಟು ಸುಲಭವಾಗಿ ಮನೆ ಬದಲಿಸುವುದಿಲ್ಲ. ಅಕ್ಕನವರ ಪುಸ್ತಕದ ಪ್ರಕಾರ ಚಿಕ್ಕ ಮನೆಗಳು ವರ್ಷಕ್ಕೆ ಸರಾಸರಿ ಒಂದೂವರೆ ತಿಂಗಳು ಖಾಲಿ ಇದ್ದವು. ಎರಡು ಕೋಣೆಯ ಮನೆ ಮೂರು ವರ್ಷಕ್ಕೆ ಒಂದು ತಿಂಗಳು ಖಾಲಿ ಇತ್ತು.

ಈ ಅಂಕಿಗಳನ್ನು ನಮ್ಮ ನಕ್ಷೆಗೆ ಹಚ್ಚಿ ನೋಡಿದೆ. ಎರಡು ಚಿಕ್ಕ ಮನೆಗಳ ವರ್ಷದ ಬಾಡಿಗೆ 2,04,000 ರೂಪಾಯಿಯಲ್ಲಿ ಖಾಲಿ ತಿಂಗಳುಗಳ 25,500 ರೂಪಾಯಿ ಕಳೆದರೆ 1,78,500 ಉಳಿಯುತ್ತದೆ. ಎರಡು ಕೋಣೆಯ ಒಂದು ಮನೆಯ 1,68,000 ರೂಪಾಯಿಯಲ್ಲಿ ಅದೇ ರೀತಿ ಕಳೆದರೆ ಸುಮಾರು 1,63,300 ಉಳಿಯುತ್ತದೆ. ವ್ಯತ್ಯಾಸ 36,000ದಿಂದ 15,000ಕ್ಕೆ ಇಳಿಯಿತು. ಇನ್ನು ಪ್ರತಿ ಮಹಡಿಗೆ ಮತ್ತೊಂದು ಅಡುಗೆ ಮನೆ, ಮತ್ತೊಂದು ಮುಂಬಾಗಿಲು, ಹೆಚ್ಚುವರಿ ಕೊಳಾಯಿ ಮತ್ತು ವಿದ್ಯುತ್ ಕೆಲಸ ಸೇರಿ ಸುಮಾರು ಎರಡೂವರೆ ಲಕ್ಷ ರೂಪಾಯಿ ಅಧಿಕ ವೆಚ್ಚವಾಗುತ್ತದೆಂದು ನಮ್ಮ ಮೇಸ್ತ್ರಿ ಹೇಳಿದ್ದರು. ಅಷ್ಟು ಸಾಲಕ್ಕೆ ಶೇಕಡಾ 9ರಂತೆ ವರ್ಷಕ್ಕೆ 22,500 ರೂಪಾಯಿ ಬಡ್ಡಿ. ಲಾಭವೆಂದು ತೋರಿದ್ದು ಅಲ್ಲಿಗೆ ನಷ್ಟವಾಯಿತು. ಬಾಡಿಗೆದಾರರು ಬದಲಾದಾಗಲೆಲ್ಲ ಬರುವ ಸುಣ್ಣ ಬಣ್ಣದ ಖರ್ಚನ್ನು ನಾನು ಇದರಲ್ಲಿ ಸೇರಿಸಿಲ್ಲ. ಆದಾಯ ತೆರಿಗೆಯಲ್ಲಿ, ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು ಉಳಿಯುವ ಬಾಡಿಗೆ ಆದಾಯದ ಮೇಲೆ ನೇರವಾಗಿ ಶೇಕಡಾ 30ರಷ್ಟು ಕಡಿತ ಸಿಗುತ್ತದೆ. ದುರಸ್ತಿಗೆ ನಿಜವಾಗಿ ಎಷ್ಟು ಖರ್ಚಾಯಿತೆಂದು ಅಲ್ಲಿ ಕೇಳುವುದಿಲ್ಲ. ಆದ್ದರಿಂದ ಪದೇ ಪದೇ ದುರಸ್ತಿ ಬೇಡುವ ಮನೆಯ ಮಾಲೀಕನಿಗೆ ತೆರಿಗೆಯಲ್ಲಿ ಹೆಚ್ಚಿನ ವಿನಾಯಿತಿಯೇನೂ ದೊರೆಯುವುದಿಲ್ಲ.

ನೀರಿನ ವಿಷಯವೂ ಇದೆ. ನಗರದ ನೀರು ಪೂರೈಕೆಯ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಅಳತೆಯನ್ನು ಹಿಡಿಯುವುದು ರೂಢಿ. ನಾಲ್ವರ ಕುಟುಂಬಕ್ಕೆ 540 ಲೀಟರ್ ಸಾಕು. ಎರಡು ಚಿಕ್ಕ ಮನೆಗಳಲ್ಲಿ ಮೂವರು ಮೂವರು ಸೇರಿದರೆ ಅದೇ ಮಹಡಿಗೆ 810 ಲೀಟರ್ ಬೇಕು. ಕಚೇರಿಯವರ ನಕ್ಷೆಯಲ್ಲಿ ಮನೆಗಳ ಸಂಖ್ಯೆ ಮೂರಿದ್ದರೂ ಐದಿದ್ದರೂ ಸಂಪಿನ ಅಳತೆ ಬದಲಾಗಿರಲಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಬಾಡಿಗೆದಾರರು ಫೋನ್ ಮಾಡುವುದು ನಕ್ಷೆ ಬರೆದವರಿಗಲ್ಲ, ಮಾಲೀಕರಿಗೆ.

ಇಷ್ಟು ಹೇಳಿದ ಮೇಲೆ ಅವರ ಕೆಲಸದಲ್ಲಿ ನಾನು ಮನಸಾರೆ ಮೆಚ್ಚಿದ್ದನ್ನೂ ಹೇಳಬೇಕು. ಕೋಣೆಗಳ ಉದ್ದಗಲವನ್ನು ಬರಿಯ ಅಂಕಿಗಳಲ್ಲಿ ಕೊಡದೆ, ಮಂಚ, ಬೀರು, ಊಟದ ಮೇಜು, ವಾಷಿಂಗ್ ಮಷಿನ್ ಎಲ್ಲವನ್ನೂ ಅಳತೆಗೆ ಸರಿಯಾಗಿ ನಕ್ಷೆಯಲ್ಲಿ ಬರೆದು ತೋರಿಸಿದರು. ಅದಕ್ಕಿಂತ ಮಿಗಿಲಾಗಿ, ಒಂದು ಬೆಳಿಗ್ಗೆ ನಿವೇಶನದಲ್ಲೇ ಸುಣ್ಣದ ಪುಡಿಯಿಂದ ಗೋಡೆಗಳ ಗುರುತು ಹಾಕಿ, "ಅಮ್ಮಾ, ಇದು ಅಡುಗೆ ಮನೆ, ಒಳಗೆ ನಿಂತು ನೋಡಿ" ಎಂದು ನನ್ನ ಪತ್ನಿಯನ್ನು ಕರೆದರು. ಸುತ್ತ ಬಿಡಬೇಕಾದ ಜಾಗ ಬಿಟ್ಟು ನಮಗೆ ಉಳಿದದ್ದು 24×34 ಅಡಿ. ಗೋಡೆಗಳ ದಪ್ಪ ಮತ್ತು ಮೆಟ್ಟಿಲು ಕಳೆದರೆ ಸುಮಾರು 640 ಚದರಡಿ. ಅದನ್ನು ಇಬ್ಭಾಗ ಮಾಡಿದರೆ ಒಂದೊಂದು ಮನೆಗೆ 300 ಚದರಡಿಯ ಆಸುಪಾಸು ಮಾತ್ರ ಸಿಗುತ್ತದೆ ಎಂಬುದು ಕಾಗದದ ಮೇಲೆ ಹೊಳೆಯದೆ ಆ ಸುಣ್ಣದ ಗೆರೆಗಳ ನಡುವೆ ನಿಂತಾಗ ಹೊಳೆಯಿತು. ಹಾಲ್‌ನಲ್ಲಿ ಸೋಫಾ ಹಾಕಿದರೆ ಅಡುಗೆ ಮನೆಗೆ ಓರೆಯಾಗಿ ನಡೆದು ಹೋಗಬೇಕಿತ್ತು. ಈ ಒಂದು ಬೆಳಗಿನ ಕೆಲಸಕ್ಕಾಗಿಯೇ ಅವರ ಶುಲ್ಕದ ಅರ್ಧ ಭಾಗ ಸಾರ್ಥಕವೆಂದು ನಾನು ಭಾವಿಸುತ್ತೇನೆ.

ಮೂರು ಮಲಗುವ ಕೋಣೆಗಳ ಯೋಚನೆ ಅಂದೇ ಬಿದ್ದುಹೋಯಿತು. ಅಷ್ಟು ಬಾಡಿಗೆ ಕೊಡಬಲ್ಲವರು ಲಿಫ್ಟ್ ಮತ್ತು ಕಾರಿಗೆ ಸ್ವಂತ ಜಾಗ ಕೇಳುತ್ತಾರೆ; ನಮ್ಮಲ್ಲಿ ಎರಡೂ ಇರಲಿಲ್ಲ.

ಎರಡು ಕೋಣೆಯ ಮನೆಯನ್ನು ಬರೆಯುವಾಗಲೂ ಅವರಿಂದ ಒಂದು ತಪ್ಪಾಯಿತು. ಎರಡನೆಯ ಕೋಣೆಯನ್ನು 8×9 ಅಡಿ, ಅಂದರೆ 72 ಚದರಡಿಗೆ ಇಳಿಸಿದ್ದರು. ಎರಡು ವಾಸದ ಕೋಣೆಗಳಿರುವ ಮನೆಯಲ್ಲಿ ಒಂದು ಕೋಣೆ ಕನಿಷ್ಠ 9.5 ಚದರ ಮೀಟರ್, ಇನ್ನೊಂದು ಕನಿಷ್ಠ 7.5 ಚದರ ಮೀಟರ್ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ; 7.5 ಚದರ ಮೀಟರ್ ಎಂದರೆ ಸುಮಾರು 81 ಚದರಡಿ. ನಾವು ಕೇಳಿದ ಮೇಲೆ ಹಾಲ್‌ನ ಜಾಗವನ್ನು ಕಡಿತಗೊಳಿಸಿ ಕೋಣೆಯನ್ನು 9×10ಕ್ಕೆ ತಂದರು. ಆರು ಅಡಿಯ ಮಂಚ ಹಿಡಿಸದ ಜಾಗವನ್ನು ಮಲಗುವ ಕೋಣೆಯೆಂದು ಎಣಿಸಿ ಟು-ಲೆಟ್ ಬೋರ್ಡ್ ಹಾಕಿದರೆ, ನೋಡಲು ಬಂದವರು ಬಾಗಿಲಲ್ಲೇ ನಿಂತು ಹಿಂದಿರುಗುತ್ತಾರೆ.

ಕೊನೆಗೆ ನೆಲಮಹಡಿಯಲ್ಲಿ ವಾಹನ ನಿಲುಗಡೆಯ ಪಕ್ಕಕ್ಕೆ ಒಂದು ಕೋಣೆಯ ಒಂದು ಮನೆ, ಮೇಲಿನ ಎರಡು ಮಹಡಿಗಳಲ್ಲಿ ಎರಡು ಕೋಣೆಯ ಒಂದೊಂದು ಮನೆ ಎಂದು ತೀರ್ಮಾನವಾಯಿತು. ಮನೆಗೊಂದು ಮೀಟರ್, ಮೋಟಾರು ಮತ್ತು ಮೆಟ್ಟಿಲ ದೀಪಗಳಿಗೆ ಪ್ರತ್ಯೇಕ ಮೀಟರ್ ಇರಬೇಕೆಂದು ನಾವು ಪಟ್ಟು ಹಿಡಿದೆವು. 2023ರಲ್ಲಿ ಮನೆಗಳಿಗೆ ಒಂದು ಮಿತಿಯವರೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಾಡಿಗೆದಾರರು ಮನೆ ನೋಡುವಾಗಲೇ ಪ್ರತ್ಯೇಕ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಇದೆಯೇ ಎಂದು ಕೇಳುತ್ತಾರೆ, ಇಲ್ಲವೆಂದರೆ ಮಾತು ಮುಂದುವರಿಯುವುದಿಲ್ಲ.

ಶುಲ್ಕ ಚದರಡಿಗೆ 40 ರೂಪಾಯಿ. ಆರು ವಾರದಲ್ಲಿ ಕೊಡುತ್ತೇವೆಂದಿದ್ದ ನಕ್ಷೆಗಳು ಬಂದದ್ದು ಹನ್ನೊಂದನೆಯ ವಾರದಲ್ಲಿ. ಜಾಗವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಕೆಲಸಕ್ಕೆ ಐದರಲ್ಲಿ ಐದು ಅಂಕ, ಬಾಡಿಗೆಯ ಸಲಹೆಗೆ ಎರಡು, ಸಮಯಪಾಲನೆಗೆ ಒಂದೂವರೆ. ನಕ್ಷೆಗಾಗಿ ಅವರ ಬಳಿ ಹೋಗುವವರಿಗೆ ನಾನು ಬೇಡವೆನ್ನುವುದಿಲ್ಲ. ಆದರೆ ಹೋಗುವ ಮುನ್ನ ಆ ಬೀದಿಯಲ್ಲಿ ಈಗಾಗಲೇ ಬಾಡಿಗೆ ಮನೆಗಳಿರುವ ಒಬ್ಬಿಬ್ಬರು ಮಾಲೀಕರನ್ನು ಮಾತನಾಡಿಸಿ, ಅವರ ಮನೆಗಳು ಎಷ್ಟು ತಿಂಗಳು ಖಾಲಿ ಇದ್ದವೆಂದು ಬರೆದುಕೊಂಡು, ಆ ಹಾಳೆಯನ್ನು ಮೊದಲ ಭೇಟಿಯಲ್ಲೇ ಎಂಜಿನಿಯರ್ ಮುಂದೆ ಇಡಿ.